ಮೆಲಾಕಾದ ಮಳೆಗೆ ಸೋರಿದ ಜಾರುಕೋಣೆ

ಗುಂಡಿ ಒತ್ತಿದೊಡನೆ ಗೋಡೆ ನಡೆಯತೊಡಗಿತು. ನಾನು ಬೆಚ್ಚಿ ಹಿಂದಕ್ಕೆ ಹಾರಿದೆ. ಮಂಚ, ಕಿಟಕಿ, ಕಿಟಕಿಯ ಪರದೆ ಎಲ್ಲವನ್ನೂ ಹೊತ್ತುಕೊಂಡು ಒಂದಿಡೀ ಕೋಣೆ ಗೊರಗೊರ ಸದ್ದು ಮಾಡುತ್ತ ಗಾಡಿಯ ಮಗ್ಗುಲಿನಿಂದ ಹೊರಗೆ ಜಾರಿ, ಅಂಗಳದ ರಂಬುಟಾನ್ ಮರದ ಕೆಳಗೆ ನಿಂತುಕೊಂಡಿತು. ಪುಷ್ಪಂ ಅಕ್ಕ ಗುಂಡಿಯ ಮೇಲಿನ ಬೆರಳು ತೆಗೆಯದೆ ನಕ್ಕರು.

"ಭಯಪಡಬೇಡ ತಂಬಿ, ಕಚ್ಚೋದಿಲ್ಲ ಲಾ!"

ಮಾತಿನ ಕೊನೆಗೆ ‘ಲಾ’ ಸೇರಿಸುವುದು ಇಲ್ಲಿಯವರ ರೂಢಿ, ನಮ್ಮಲ್ಲಿ ‘ಕಣೋ’ ಅಂದಂತೆ. ‘ತಂಬಿ’ ಅಂದರೆ ತಮ್ಮ. ಅಕ್ಕನದು ತಮಿಳು, ನಡುನಡುವೆ ಮಲಯ, ಇಂಗ್ಲಿಷು. ನನಗೆ ಅರ್ಥವಾದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಚಳ್ಳಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಹೆಂಡತಿ ಸುನಂದಾಗೆ ಮಲಯ ದೇಶದ ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಸಿಕ್ಕಾಗ ದೀರ್ಘ ರಜೆ ಹಾಕಿ ಅವಳ ಹಿಂದೆ ಹೊರಟುಬಂದೆ. ಸ್ಕೂಲ್ ಬಸ್ ಓಡಿಸಿ ನಿವೃತ್ತರಾದ ಪುಷ್ಪಂ ಅಕ್ಕನ ಮನೆಯ ಮೇಲ್ಮಹಡಿ ಬಾಡಿಗೆಗೆ ಸಿಕ್ಕಿತು. ಪಾತ್ರೆಪಡಗ ಜೋಡಿಸುವಷ್ಟರಲ್ಲಿ ಕೊರೊನಾ ಬಂತು, ಊರು ಮುಚ್ಚಿತು. ದಿನವಿಡೀ ಮಕ್ಕಳ ಗದ್ದಲದ ನಡುವೆ ಗಂಟಲು ಹರಿದುಕೊಂಡವನು ಈಗ ಬೆಳಗಿನಿಂದ ಸಂಜೆಯವರೆಗೆ ಫ್ರಿಜ್ಜಿನ ಸದ್ದು ಕೇಳುತ್ತ ಕೂತೆ. ರಾಗಿ ಹಿಟ್ಟು ಕೇಳಿದರೆ ಅಂಗಡಿಯವರಿಗೆ ತಿಳಿಯದು. ಅದಕ್ಕೆ ತಮಿಳಿನಲ್ಲಿ ‘ಕೇಳ್ವರಗು’ ಅನ್ನುತ್ತಾರೆಂದು ಅಕ್ಕ ಹೇಳಿಕೊಟ್ಟ ದಿನ ಮುದ್ದೆ ತಿರುವಿ, ಒಬ್ಬನೇ ಕೂತು ಉಂಡು, ಹಬ್ಬ ಮಾಡಿದೆ.

ಆಮೇಲೆ ಸುನಂದಾಳನ್ನು ಕೋವಿಡ್ ವಾರ್ಡಿನ ಕೆಲಸಕ್ಕೆ ಹಾಕಿದರು. ಅಕ್ಕನಿಗೆ ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಬೇರೆ. "ನಾನು ಆಸ್ಪತ್ರೆಯ ಹಾಸ್ಟೆಲಿಗೆ ಹೋಗ್ತೀನಿ ಕಣ್ರೀ" ಎಂದಳು ಸುನಂದಾ. ಹೋದರೆ ಮತ್ತೆ ಯಾವಾಗ ಮುಖ ನೋಡುವುದೋ ಗೊತ್ತಿಲ್ಲ. ಅದನ್ನು ಕೇಳಿಸಿಕೊಂಡೇ ಅಕ್ಕ, ಅಂಗಳದಲ್ಲಿ ಧೂಳು ತಿನ್ನುತ್ತಿದ್ದ ಗಾಡಿಮನೆಯ ಬೀಗ ತೆಗೆದದ್ದು. ಪಿಕಪ್ಪಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆ ಅದು. ಅಕ್ಕ, ಅವರ ಗಂಡ ಇಬ್ಬರೂ ಊರು ಸುತ್ತಲೆಂದು ಕೊಂಡಿದ್ದರಂತೆ. ಒಮ್ಮೆ ಹೋಗಿಬಂದರು, ಮರುವರ್ಷ ಗಂಡ ತೀರಿಕೊಂಡರು.

ಸುನಂದಾ ಜಾರುಕೋಣೆಯಲ್ಲಿ ಬಿಡಾರ ಹೂಡಿದಳು. ನಾನು ಊಟದ ಡಬ್ಬಿ ಮೆಟ್ಟಿಲ ಮೇಲಿಟ್ಟು ದೂರದ ಕುರ್ಚಿಯಲ್ಲಿ ಕೂರುತ್ತಿದ್ದೆ. ಅವಳು ಕಿಟಕಿಯೊಳಗಿಂದ ಉಣ್ಣುತ್ತ ಮಾತಾಡುತ್ತಿದ್ದಳು. ಮದುವೆಯಾಗಿ ಹದಿನಾಲ್ಕು ವರ್ಷದ ಮೇಲೆ ಹೆಣ್ಣು ನೋಡಲು ಬಂದವನ ಹಾಗೆ ಕೂತಿದ್ದೀರಿ ಎಂದು ನಗುತ್ತಿದ್ದಳು.

ನಮ್ಮೂರಲ್ಲಿ ಮಳೆ ಬಂದರೆ ಜನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಇನ್ನಷ್ಟು ಬರಲಿ ಎನ್ನುತ್ತಾರೆ. ಮೆಲಾಕಾದ ಮಳೆಯನ್ನು ಯಾರೂ ಕರೆಯಬೇಕಿಲ್ಲ. ಮಧ್ಯಾಹ್ನವಾದರೆ ಅದೇ ಬರುತ್ತದೆ, ಬಂದರೆ ಎದುರು ಮನೆ ಕಾಣುವುದಿಲ್ಲ. ಆ ವಾರದ ಮೊದಲ ದೊಡ್ಡ ಮಳೆಗೇ ಸುನಂದಾಳ ದಿಂಬು ತೊಯ್ದು ತೊಪ್ಪೆಯಾಯಿತು.

ನಾನು ಧೈರ್ಯವಾಗಿ ಏಣಿ ಹತ್ತಿದೆ. ಕಂಡ ಬಿರುಕಿನ ಮೇಲೆಲ್ಲ ಸಿಲಿಕೋನ್ ಅಂಟು ಮೆತ್ತಿದೆ. ಮರುದಿನ ಇನ್ನೂ ಜೋರಾಗಿ ಸೋರಿತು! ನೀರು ಬರುವ ದಾರಿ ಹಾಗೇ ಇತ್ತು. ನಾನು ಮುಚ್ಚಿದ್ದು ಅದು ಹೊರಹೋಗುವ ದಾರಿಯನ್ನು. ಸುನಂದಾ ಬೈಯಲಿಲ್ಲ. ಬಟ್ಟೆ ಮಡಚುತ್ತ, "ಇನ್ನು ನಾಲ್ಕು ದಿನ ನೋಡೋಣ. ಆಮೇಲೆ ಹಾಸ್ಟೆಲೇ" ಎಂದಳು. ಅವತ್ತಿನಿಂದ ಅಡುಗೆ ಮಾಡುವಾಗಲೂ ನನ್ನ ತಲೆಯಲ್ಲಿ ಸೂರೊಂದೇ.

ಅವಳು ಡ್ಯೂಟಿಗೆ ಹೋದ ಮೇಲೆ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಮಾಸ್ಕ್ ಹಾಕಿಕೊಂಡು, ಟಾರ್ಚ್ ಹಿಡಿದು ಮಂಚದ ಮೇಲೆ ಅಂಗಾತ ಮಲಗಿದೆ. ಹೊರಗೆ ಅಕ್ಕನ ಕೈಯಲ್ಲಿ ತೋಟದ ಪೈಪು. ಕೆಳಗಿನಿಂದ ಶುರುಮಾಡಿ ಇಷ್ಟಿಷ್ಟೇ ಮೇಲಕ್ಕೆ ನೀರು ಬಿಡಬೇಕು, ಎಲ್ಲಿ ಒಳಬರುತ್ತದೆಂದು ನಾನು ಹೇಳಬೇಕು.

"ಬಂತಾ ತಂಬಿ?"

"ಇಲ್ಲ ಅಕ್ಕಾ."

"ಈಗ?"

"ಇಲ್ಲ!"

ಪೈಪು ಹೊರಮೂಲೆಯ ಅಲ್ಯೂಮಿನಿಯಂ ಪಟ್ಟಿಯ ಹತ್ತಿರ ಬಂದದ್ದೇ ತಡ, ಮೂಗಿನ ಮೇಲೆ ಟಪ್ಪೆಂದು ಒಂದು ಹನಿ. "ಬಂತು! ಬಂತು!" ಎಂದು ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ನೀರು ಒಳಬರುತ್ತಿದ್ದದ್ದು ಪಟ್ಟಿಯ ಸ್ಕ್ರೂ ತೂತಿನಲ್ಲಿ. ಅಲ್ಲಿಂದ ಪ್ಲೈವುಡ್ಡಿನೊಳಗೆ ಮೊಳಗಟ್ಟಲೆ ಹರಿದು ದಿಂಬಿನ ನೇರಕ್ಕೆ ತೊಟ್ಟಿಕ್ಕುತ್ತಿತ್ತು.

ಅಕ್ಕ ಏಣಿ ಹತ್ತಿ ಸ್ಕ್ರೂ ನೋಡಿದರು. "ಇದನ್ನ ಹೊಡೆದದ್ದು ನಮ್ಮ ಮನೆಯವರೇ. ಸೊಟ್ಟ ಹೋಗ್ತಿದೆ ಅಂತ ಆವಾಗಲೇ ಹೇಳಿದೆ. ಕೇಳಿದ್ರಾ?" ಎಂದು ಅದರ ಮೇಲೆ ಬೆರಳಾಡಿಸಿದರು. ಆಮೇಲೆ ಕೈ ತೆಗೆದು, "ತೆಗೆ ತಂಬಿ. ಎಲ್ಲಾ ತೆಗೆದುಹಾಕು" ಎಂದರು.

ಪಟ್ಟಿ ಕಿತ್ತೆ. ನಾನೇ ಮೆತ್ತಿದ್ದ ಸಿಲಿಕೋನನ್ನು ಹೆರೆದು ಹೆರೆದು ತೆಗೆದೆ. ಅದರಡಿಯ ಪ್ಲೈವುಡ್ ನೆನೆಸಿದ ಮಂಡಕ್ಕಿಯಂತೆ ಕೈಗೆ ಬಂತು. ಕೊಳೆತದ್ದನ್ನೆಲ್ಲ ಕತ್ತರಿಸಿ, ಫ್ಯಾನು ಹಚ್ಚಿ ಒಣಗಿಸಿದೆವು. ಆ ರಾತ್ರಿಗಳಲ್ಲಿ ಸುನಂದಾ ಗಾಡಿಯ ಇನ್ನೊಂದು ತುದಿಯ ಊಟದ ಬೆಂಚಿನ ಮೇಲೆ ಮುದುಡಿ ಮಲಗಿದಳು. ಅರ್ಧ ಶಟರ್ ಎತ್ತಿದ್ದ ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಸ ಪ್ಲೈವುಡ್ಡು, ರಬ್ಬರ್ ಹಾಳೆ, ಹಲಸಿನ ಮೇಣದಂತೆ ಅಂಟುವ ಕಪ್ಪು ಟೇಪು ಸಿಕ್ಕವು. ಹಳೆಯ ಸೂರು ಗಾಡಿಯ ಕಡೆಗೆ ವಾಲಿ ನೀರು ಕಟ್ಟಿಕೊಳ್ಳುತ್ತಿತ್ತು. ಈ ಸಲ ಒಳಗಿನ ಅಂಚಿನ ಕೆಳಗೆ ಮರದ ತೆಳು ರೀಪು ಕೊಟ್ಟು ನೀರು ಹೊರಕ್ಕೇ ಹರಿಯುವಂತೆ ಮಾಡಿದೆ.

ರಬ್ಬರ್ ಹಾಸುವ ಮುಂಚೆಯೇ ಮೋಡ ಕಪ್ಪಾಯಿತು! ಸೂರು ಬೋಳಾಗಿ ಬಿದ್ದಿತ್ತು. ಟಾರ್ಪಾಲಿನ ಒಂದು ಮೂಲೆಯನ್ನು ರಂಬುಟಾನ್ ಮರಕ್ಕೆ ಕಟ್ಟಿದೆ, ಇನ್ನೊಂದನ್ನು ಗೇಟಿಗೆ. ಮೂರನೆಯದನ್ನು ಅಕ್ಕ ಬಸ್ಸಿನ ಸ್ಟೇರಿಂಗ್ ಹಿಡಿದಂತೆ ಎರಡೂ ಕೈಯಲ್ಲಿ ಜಗ್ಗಿ ನಿಂತರು. "ಒಳಗೆ ಹೋಗಿ ಅಕ್ಕಾ, ನೆನೀತೀರಿ!" ಎಂದರೆ, "ನಾನೇನು ಸಕ್ಕರೆನಾ ಕರಗೋಕೆ? ನೀ ಕಟ್ಟು ಲಾ!" ಎಂದು ಗದರಿದರು. ಇಬ್ಬರೂ ತೊಯ್ದು, ನಡುಗುತ್ತ, ನಗುತ್ತ ನಿಂತೆವು. ಪ್ಲೈವುಡ್ ಮಾತ್ರ ನೆನೆಯಲಿಲ್ಲ.

ಮಳೆ ಬಿಟ್ಟ ಮೇಲೆ ರಬ್ಬರ್ ಅಂಟಿಸಿದೆ. ಪಟ್ಟಿಯ ಕೆಳಗೆ ಟೇಪು ಕೂರಿಸಿ, ಹೊಸ ಸ್ಕ್ರೂಗಳನ್ನು ನೆಟ್ಟಗೆ ಬಿಗಿದು, ಅವುಗಳ ತಲೆಯ ಮೇಲೆ ಸೂರಿಗೆಂದೇ ಬರುವ ಸೀಲೆಂಟ್ ಅಂಟು ಸುರಿದೆ. ಕೋಣೆ ಗಾಡಿಯನ್ನು ಕೂಡುವ ಸಂದಿನ ರಬ್ಬರ್ ಪಟ್ಟಿಯನ್ನೂ ಬದಲಿಸಿದೆ.

ಮುಂದಿನ ಮಳೆಗೆ ಅಕ್ಕ ಮತ್ತು ನಾನು ಜಗಲಿಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆವು. ಕಿಟಕಿಯಲ್ಲಿ ಸುನಂದಾ ಕಾಣಿಸಿಕೊಂಡಳು. ಎರಡೂ ಕೈಯಲ್ಲಿ ದಿಂಬು ಎತ್ತಿಹಿಡಿದು, ಗೆದ್ದ ಕಪ್ ತೋರಿಸುವಂತೆ ಅಲ್ಲಾಡಿಸಿದಳು. ಒಣ ದಿಂಬು! ನಾನು ಮಳೆಯಲ್ಲೇ ಅಂಗಳಕ್ಕೆ ಹಾರಿದೆ. ಅವಳು ಹಾಸ್ಟೆಲಿಗೆ ಹೋಗಲಿಲ್ಲ. ವಾರ್ಡಿನ ಕೆಲಸ ಮುಗಿಯುವವರೆಗೆ ಅಲ್ಲೇ ಇದ್ದಳು, ದಿನವೂ ಕಿಟಕಿಯಲ್ಲಿ ಸಿಕ್ಕಳು.

ಮರುವರ್ಷ ರಾಜ್ಯಗಳ ನಡುವಿನ ಓಡಾಟಕ್ಕೆ ಅನುಮತಿ ಸಿಕ್ಕಾಗ ಅಕ್ಕ ಪಿಕಪ್ಪಿಗೆ ಗಾಡಿಮನೆ ಕಟ್ಟಿ, ತಾವೇ ಓಡಿಸಿಕೊಂಡು ನಮ್ಮನ್ನು ಪೋರ್ಟ್ ಡಿಕ್ಸನ್ನಿನ ಸಮುದ್ರದ ಬದಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಹಾಡಿದರು. ಪಕ್ಕದಲ್ಲಿ ಡೇರೆ ಹಾಕಿದ್ದ ಮಲಯ ಗೃಹಸ್ಥರೊಬ್ಬರು "ಡಾರಿ ಮಾನಾ?" ಎಂದು ಕೇಳಿದರು. ಎಲ್ಲಿಂದ ಬಂದಿರಿ ಎಂದರ್ಥ. "ಮೆಲಾಕಾ" ಎಂದುಬಿಟ್ಟೆ, ಒಂದು ಕ್ಷಣವೂ ಯೋಚಿಸದೆ.

ಅವರು ಹೋದ ಮೇಲೆ ಸುನಂದಾ ಕೇಳಿದಳು. "ಚಳ್ಳಕೆರೆ ಅಂತ ಯಾಕೆ ಹೇಳ್ಲಿಲ್ಲ?"

"ಅವರಿಗೇನು ಗೊತ್ತಾಗುತ್ತೆ?"

"ಹೇಳಿದ್ರೆ ತಾನೆ ಗೊತ್ತಾಗೋದು."

ಬೆಳಿಗ್ಗೆ ಎದ್ದವನೇ ಅವರ ಡೇರೆಯ ಹತ್ತಿರ ಹೋಗಿ ನನಗೆ ಬರುವಷ್ಟು ಮಲಯದಲ್ಲಿ ಹೇಳಿದೆ, ನಾನು ಚಳ್ಳಕೆರೆಯವನು ಎಂದು. ಅವರು ಆ ಹೆಸರನ್ನು ಬಾಯಲ್ಲಿ ಹೊರಳಿಸಿ, "ಚಾಲಾಕೆರೆ" ಎಂದು ಉಚ್ಚರಿಸಿ ಖುಷಿಪಟ್ಟರು. ತುಂಬಾ ದೂರವೇ ಎಂದು ಕೇಳಿದರು. ಗಾಡಿಯ ಮೆಟ್ಟಿಲ ಮೇಲೆ ಅಕ್ಕ ಮತ್ತು ಸುನಂದಾ ಒಂದೇ ಬಟ್ಟಲಿನಿಂದ ಬಿಸ್ಕತ್ತು ತಿನ್ನುತ್ತಿದ್ದರು. ಹೌದು, ದೂರ ಎಂದೆ. ಹಾಗೆಂದ ಕೂಡಲೇ ಮತ್ತೆ ಮೆಟ್ಟಿಲ ಕಡೆ ನೋಡಿ, ಅಷ್ಟೇನೂ ದೂರವಲ್ಲ ಎಂದು ಅವಸರದಿಂದ ಸೇರಿಸಿದೆ.