ಅರ್ಧ ಮೊಳ ಮಲ್ಲಿಗೆ

ವಿಜಯನಗರದ ಅನಂತಲಕ್ಷ್ಮಿ ಹೂ ಮುಡಿಯದೆ ಹೊಸ್ತಿಲು ದಾಟಿದವರಲ್ಲ. ಜೊತೆಯಲ್ಲಿ ಹೆಣ್ಣುಮಗು ಯಾರೇ ಇರಲಿ, ಅವರಿಗೂ ಒಂದು ತುಂಡು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಿಂದಲೂ ಹಾಗೇ. ನಿವೃತ್ತಿಯಾದ ಮೇಲೆ, ಲೈಂಗಿಕ ಶೋಷಣೆಗೆ ಒಳಗಾದ ಮಕ್ಕಳಿಗೆ ಆಸರೆಯಾಗಿ ಕೋರ್ಟಿಗೂ ಮಕ್ಕಳ ಕಲ್ಯಾಣ ಸಮಿತಿಗೂ ಜೊತೆ ಹೋಗುತ್ತಿದ್ದರು. ಕಳೆದ ತಿಂಗಳು ತೀರಿಕೊಂಡರು.

ಅವರು ಹಾಗೆ ಜೊತೆ ಹೋಗುತ್ತಿದ್ದ ಒಬ್ಬ ಹುಡುಗಿಗೆ ಹದಿನಾರು. ಹೆಸರು ಬರೆಯುವಂತಿಲ್ಲ. ಕೆಲಸ ಕೊಡಿಸುತ್ತೇನೆಂದು ಕರೆದೊಯ್ದವನು ಅವಳನ್ನು ಮಾರಿದ್ದ. ಅವನಿಗೆ ಜಾಮೀನು ಸಿಕ್ಕಿತ್ತು. ಅವಳು ಬಾಲಮಂದಿರದ ಬೀಗದೊಳಗೆ ಇದ್ದಳು. ಸಾಕಿಕೊಳ್ಳುತ್ತೇನೆಂದು ಶ್ರೀಗಂಧದ ಕಾವಲ್‌ನ ಚಿಕ್ಕಮ್ಮ ಯಶೋದಮ್ಮ ಅರ್ಜಿ ಹಾಕಿದ್ದರು. ಸಮಿತಿ ಒಪ್ಪಿದರೆ ಅಂದೇ ಮನೆ.

ಸಮಿತಿಯ ಬಾಗಿಲಲ್ಲಿ ಅನಂತಲಕ್ಷ್ಮಿ ಒಂದು ಮೊಳ ಮಲ್ಲಿಗೆಯನ್ನು ಎರಡು ಮಾಡಿದರು.

"ಸ್ವಲ್ಪ ಬಗ್ಗೇ. ಎಷ್ಟು ಉದ್ದ ಬೆಳೆದಿದೀಯ."

"ನೀವೇ ಕುಳ್ಳಗಾಗಿದೀರ ಆಂಟಿ."

ಇಬ್ಬರೂ ನಗುತ್ತಲೇ ಒಳಗೆ ಹೋದರು.

ಸದಸ್ಯರೊಬ್ಬರು ಹುಡುಗಿಯ ತಲೆಯನ್ನೇ ನೋಡಿದರು. "ಇಷ್ಟಾದ್ರೂ ಶೋಕಿ ಹೋಗಿಲ್ವಲ್ಲ. ಹೊರಗೆ ಬಿಟ್ರೆ ನಾಳೆ ಮತ್ತೆ ಅಲ್ಲಿಗೇ ಹೋಗ್ತಾಳೆ."

"ಸಾರ್, ಮುಡಿಸಿದ್ದು ನಾನು. ನನ್ನ ತಲೇಲಿರೋದೂ ಅದೇ ಮೊಳದ್ದು."

"ನಿಮ್ಮ ಮಾತು ಬೇರೆ ಬಿಡಿ ಮೇಡಂ. ನೀವು ಸಂಸಾರಸ್ಥರು."

ಅನಂತಲಕ್ಷ್ಮಿ ಪಕ್ಕಕ್ಕೆ ತಿರುಗಿದರೆ, ಹುಡುಗಿ ಆಗಲೇ ಹೂ ಕಿತ್ತು ಮುಷ್ಟಿಯಲ್ಲಿ ಅಡಗಿಸಿಕೊಂಡಿದ್ದಳು, ಕದ್ದು ಸಿಕ್ಕಿಬಿದ್ದವರ ಹಾಗೆ. ಅರ್ಜಿ ಮುಂದಿನ ತಾರೀಖಿಗೆ ಹೋಯಿತು. ಯಶೋದಮ್ಮ ತಂದಿದ್ದ ಹೊಸ ಚೂಡಿದಾರ್ ಚೀಲದಲ್ಲೇ ವಾಪಸಾಯಿತು.

ಮುಂದಿನ ಸಲ ಹುಡುಗಿ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಬರಿ ಜಡೆಯಲ್ಲಿ ಬಂದಳು. "ಈಗ ಸುಧಾರಿಸಿದಾಳೆ" ಎನ್ನುತ್ತ ಅದೇ ಸದಸ್ಯರು ಸಹಿ ಹಾಕಿದರು.

ಆದೇಶ ಕೈಗೆ ಬಂತು. ಮಾರಿದವನು ಯಾವ ಅಂಗಿ ತೊಟ್ಟು ಬಂದು ಜಾಮೀನು ಪಡೆದನೆಂದು ಯಾರೂ ನೋಡಿರಲಿಲ್ಲ. ಗೇಟಿನಾಚೆ ಅನಂತಲಕ್ಷ್ಮಿ ಮಲ್ಲಿಗೆ ಕೊಂಡು ಹುಡುಗಿಯ ಮುಂದೆ ಹಿಡಿದರು.

"ಈಗ ಮುಡ್ಕೊಳ್ಳೇ. ಮನೆಗೆ ಹೋಗ್ತಾ ಇದೀಯ."

ಹುಡುಗಿ ಹಿಂದೆ ಸರಿದಳು. "ಬೇಡ ಆಂಟಿ. ಇನ್ನೂ ಕೋರ್ಟಲ್ಲಿ ಸಾಕ್ಷಿ ಹೇಳ್ಬೇಕಲ್ಲ."

ಸಾಕ್ಷಿಯ ದಿನ ಇನ್ನೂ ಬಂದಿಲ್ಲ. ಅನಂತಲಕ್ಷ್ಮಿಯನ್ನು ಮಲಗಿಸಿದಾಗ ಮುತ್ತೈದೆಯೆಂದು ಮುಡಿ ತುಂಬ ಮಲ್ಲಿಗೆ ಮುಡಿಸಿದ್ದರು. ಕಾಲ ಬಳಿ ನಿಂತಿದ್ದ ಹುಡುಗಿಯ ಜಡೆ ಬರಿದಾಗಿಯೇ ಇತ್ತು.