ಡಾಕ್ಟರು ಹೇಳಿದ ಎಣ್ಣೆ

ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಮೂರು ಸಲ ನೋಡುವ ಮನುಷ್ಯ ನಾನು. ಗಾವಡಗೆರೆಯಲ್ಲಿ ಪಾಠ ಮುಗಿಸಿ ಹುಣಸೂರಿಗೆ ಬರುವಾಗ, ಬಸ್ಸಿನ ಟೈರು ಸಿಡಿದರೆ ಯಾವ ಕಿಟಕಿಯಿಂದ ಹಾರುವುದು ಅಂತ ಯೋಚಿಸುತ್ತಿರುತ್ತೇನೆ. ಸಂಜೆ ಏಳಕ್ಕೆ ಬೀರುವಿನಿಂದ ಬಾಟಲಿ ತೆಗೆಯುವಾಗ ಮಾತ್ರ ಯಾವ ಚಿಂತೆಯೂ ಇಲ್ಲ. ಖುಷಿಯೂ ಇಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟ ಹಾಗೆ, ಅದೂ ಒಂದು.

ಲಿವರಿನಲ್ಲಿ ಕೊಬ್ಬು ಅಂತ ರಿಪೋರ್ಟು ಬಂದ ದಿನ ಹೆಂಡತಿಯೂ ಪಕ್ಕದಲ್ಲಿ ಕೂತಿದ್ದಳು. ಅವಳೆದುರು ನನ್ನ ಮಾನ ಉಳಿಸಲೆಂದೋ ಏನೋ, ಡಾಕ್ಟರು ದನಿ ತಗ್ಗಿಸಿ, "ಎಣ್ಣೆ ಕಮ್ಮಿ ಮಾಡ್ಬೇಕು ಮೇಷ್ಟ್ರೇ. ಇಲ್ದಿದ್ರೆ ಲಿವರ್ ಕೈ ಕೊಡುತ್ತೆ" ಅಂದರು. ಊರ ಗಂಡಸರು ಬ್ರಾಂದಿಗೆ ಹೇಳುವ ಹೆಸರು ಅದು. ನಮ್ಮ ಮನೆಯಲ್ಲಿ ಅದಕ್ಕೆ 'ನಿಮ್ಮ ಔಷಧಿ' ಅನ್ನುತ್ತಾರೆ. ಅವಳಿಗೆ ಎಣ್ಣೆ ಅಂದರೆ ಒಗ್ಗರಣೆಯದು. ತಪ್ಪು ತಿದ್ದುವುದೇ ನನ್ನ ಕೆಲಸ, ತಿದ್ದಲಿಲ್ಲ.

ಅವತ್ತೇ ಒಗ್ಗರಣೆ ನಿಂತಿತು. ಸಾರು ಸಪ್ಪೆ, ಪಲ್ಯ ಬರೀ ಬೇಯಿಸಿದ್ದು, ದೋಸೆ ಕಾವಲಿಗೆ ಅಂಟಿ ಚೂರು ಚೂರು. ಅವಳೂ ಅದನ್ನೇ ತಿಂದಳು. ನಾನು ಆ ಪಲ್ಯವನ್ನೇ ನಂಚಿಕೊಂಡು ಕುಡಿದೆ. ನಾಚಿಕೆ ಆಗಬೇಕಿತ್ತು. ಒಳಗೆ ಹುಡುಕಿ ನೋಡಿದೆ, ಇರಲಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ. "ಎಣ್ಣೆ ಕಮ್ಮಿ ಆಯ್ತಾ?" ಅಂದರು ಡಾಕ್ಟರು.

"ಕಮ್ಮಿ ಏನ್ ಬಂತು ಡಾಕ್ಟ್ರೇ, ಪೂರ್ತಿ ಬುಟ್ಬುಟ್ಟಿದ್ದೀವಿ!" ಅಂದಳು ಹೆಂಡತಿ.

ಅವರು ರಿಪೋರ್ಟು ನೋಡಿದರು, ನನ್ನನ್ನು ನೋಡಿದರು. ಲಿವರು ಮೊದಲಿಗಿಂತ ಕೆಟ್ಟಿತ್ತು. "ದಿನಾ ಎಷ್ಟು ಪೆಗ್ಗು?"

"ಎರಡೇ" ಅಂದೆ.

"ಅಳೆದಿದ್ದೀರಾ? ಮೊದ್ಲು ಅಳೀರಿ. ಒಂದೇ ಏಟಿಗೆ ನಿಲ್ಲಿಸ್ಬೇಡಿ, ಮೈ ತಡೆಯಲ್ಲ. ಸ್ವಲ್ಪ ಸ್ವಲ್ಪ ಇಳಿಸಿ, ವಾರ ವಾರ ಬಂದು ತೋರಿಸಿ."

ಮನೆಗೆ ಬಂದ ಮೇಲೆ ಹೆಂಡತಿ, "ಮೂರು ತಿಂಗ್ಳು ನಾನೂ ಸಪ್ಪೆ ತಿಂದ್ನಲ್ರೀ" ಅಂದಳು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಎಣ್ಣೆಯ ಸೌಟು ತೊಳೆದು ತಂದು ನನ್ನ ಮುಂದಿಟ್ಟಳು. "ಅಳೀರಿ, ಲೆಕ್ಕದ ಮೇಷ್ಟ್ರು."

ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ನೋಡಿದರೆ ಸೌಟು ಮೂವತ್ತು ಎಂ.ಎಲ್. ಅಂದರೆ ಎರಡು ಸೌಟಿಗೆ ಅರವತ್ತರ ಒಂದು ಪೆಗ್ಗು. ನನ್ನ ಸ್ಟೀಲ್ ಲೋಟದಲ್ಲಿ ದಿನಾ ಹೊಯ್ದುಕೊಳ್ಳುವಷ್ಟು ಮಟ್ಟ ಮುಟ್ಟಲು ಐದು ಸೌಟು ನೀರು ಬೇಕಾಯಿತು. ಎರಡು ಲೋಟಕ್ಕೆ ಹತ್ತು. ನನ್ನ ಎರಡು ಪೆಗ್ಗು ಐದಾಗಿತ್ತು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಅಳತೆ ಪಾಠ ಮಾಡುತ್ತಿದ್ದೇನೆ.

ಮೊದಲ ವಾರ ಎಂಟು ಸೌಟು ಅಂತ ಮಾತಾಯಿತು. ಆ ಸಂಜೆ ಎಂಟೂ ಮುಗಿಯಿತು. ಒಂಬತ್ತನೆಯದಕ್ಕೆ ಕೈ ಹೋಯಿತು, ಸೌಟು ಇರಲಿಲ್ಲ. ಅಡುಗೆಮನೆಯಲ್ಲಿ ಸಾಸಿವೆ ಸಿಡಿಯುತ್ತಿತ್ತು. ಅಳೆಯದೆ ಹೊಯ್ದುಕೊಳ್ಳಬಹುದಿತ್ತು. ಸ್ವಲ್ಪ ಹೊತ್ತು ಬಾಟಲಿ ಹಿಡಿದು ಕೂತಿದ್ದೆ, ಆಮೇಲೆ ಮುಚ್ಚಳ ಹಾಕಿದೆ.