ಮೂರು ಸಲ ಹಿಡಿದ ಕುಪ್ಪಸ

ಮುಳಗುಂದದ ಪೇಟೆ ಓಣಿಯಲ್ಲಿ ನೀಲಗಂಗವ್ವ ಹೊಲಿಗೆ ಮಷಿನ್ನು ಇಟ್ಟು ಇಪ್ಪತ್ತಾರು ವರ್ಷವಾಯಿತು. ಕುಪ್ಪಸದ ಅಳತೆ ಕೊಡಲು ಬಂದ ಹೆಂಗಸರು ಪರದೆಯ ಹಿಂದೆ ಕೈ ಎತ್ತಿ ನಿಲ್ಲುತ್ತಾರೆ; ಟೇಪು ಎದೆಯನ್ನು ಸುತ್ತಿ ಬರುವಷ್ಟರಲ್ಲಿ ಅತ್ತೆಯ ಕಾಟ, ಗಂಡನ ಸಿಟ್ಟು, ಮಗಳ ವರಾನ್ವೇಷಣೆ ಎಲ್ಲ ಹೊರಬಿದ್ದಿರುತ್ತದೆ. ಹೊಟ್ಟೆಯ ಕೆಳಗಿನ ಮಾತು ಮಾತ್ರ ಬರುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹೆಣ್ಣುಮಕ್ಕಳಿಗೆ ಕಲಿಸಿಟ್ಟವರು ಯಾರೋ, ಅವರನ್ನು ಹಿಡಿದು ಕೇಳಬೇಕು.

ಎದುರು ಮನೆಯ ವಿಮಲಾಬಾಯಿ ನೀಲಗಂಗವ್ವನ ಜೀವದ ಗೆಳತಿ. ಆಕೆಯದು ಗುಡಿಯ ಪೂಜೆಯ ಮನೆತನ. ದಿನಾ ಬೆಳಿಗ್ಗೆ ದೇವರಿಗೆ ಹೂಮಾಲೆ ಕಟ್ಟುವುದು ಆಕೆಯ ಕೆಲಸ. ಮುಟ್ಟು ನಿಂತು ಮೂರು ವರ್ಷವಾಗಿದ್ದ ವಿಮಲಾಬಾಯಿ ಏಳು ವರ್ಷದ ಹಿಂದೆ ಒಂದು ದಿನ ಆ ಪರದೆಯ ಹಿಂದೆ ನಿಂತು ಮೆಲ್ಲಗೆ ಹೇಳಿದಳು: “ನೀಲವ್ವಾ, ಹೋದ ವಾರ ಮತ್ತ ಹೊರಗ ಕೂಡೋಹಂಗ ಆತು ನೋಡು.”

“ಅಯ್ಯ ಬಾಯಾರ, ಮತ್ತ ಹರೇ ಬಂದೈತ್ರಿ ನಿಮಗ! ರಾಯರಿಗೆ ಹೇಳ್ರಿ, ತೊಟ್ಟಲಾ ಕೆಳಗ ಇಳಸಾಕ,” ಎಂದು ನೀಲಗಂಗವ್ವ ನಕ್ಕಳು. ವಿಮಲಾಬಾಯಿಯೂ ನಕ್ಕಳು. ಮತ್ತೆ ಆ ಮಾತು ಎತ್ತಲಿಲ್ಲ.

ಮಾಲೆ ಕಟ್ಟುವುದು ನಿಂತಿತು. ಹೊರಗಾದವಳು ದೇವರ ಹೂವು ಮುಟ್ಟುವ ಹಾಗಿಲ್ಲ. ತಿಂಗಳಲ್ಲಿ ಇಪ್ಪತ್ತು ದಿನ ಆಕೆ ಕಟ್ಟೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತದ್ದನ್ನು ಓಣಿಗೆ ಓಣಿಯೇ ಕಂಡಿತು. ಒಬ್ಬರಾದರೂ ಏನಮ್ಮಾ ಎಂದು ಕೇಳಿದರೇ? ಇಲ್ಲ. ಅದೇ ಶ್ರಾವಣದಲ್ಲಿ ತನ್ನ ಮೆಚ್ಚಿನ ಹಸಿರು ಖಣದ ಕುಪ್ಪಸ ಸಡಿಲಾಯಿತೆಂದು ಆಕೆ ಕಳಿಸಿಕೊಟ್ಟಳು. ಉಪವಾಸದ ತಿಂಗಳಲ್ಲವೇ ಎಂದುಕೊಂಡು ನೀಲಗಂಗವ್ವ ಎರಡೂ ಬಗಲಿಗೆ ಹೊಲಿಗೆ ಹಿಡಿದು ಕೊಟ್ಟಳು. ದಸರೆಗೆ ಮತ್ತೊಮ್ಮೆ ಹಿಡಿದಳು. ಸಂಕ್ರಾಂತಿಗೆ ಮೂರನೆಯ ಸಲ ಹಿಡಿಯುವಾಗ ಇದು ಬರೀ ಉಪವಾಸವಲ್ಲ ಅನಿಸಿತು, ಆದರೂ ಬಾಯಿ ತೆರೆಯಲಿಲ್ಲ. ಹುಬ್ಬಳ್ಳಿಗೆ ಒಯ್ದು ತೋರಿಸುವ ಹೊತ್ತಿಗೆ ಗರ್ಭಚೀಲದ ಬಾಯಿಯ ಕ್ಯಾನ್ಸರು ಎಲ್ಲೆಲ್ಲೋ ಹಬ್ಬಿತ್ತು. ಯುಗಾದಿಗೆ ವಿಮಲಾಬಾಯಿ ಇರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಾನು ಅಂದು ನಕ್ಕ ನಗುವೇ ನೀಲಗಂಗವ್ವನನ್ನು ಒಳಗೊಳಗೆ ತಿನ್ನತೊಡಗಿತು. ಆಶಾ ಕಾರ್ಯಕರ್ತೆ ಸುಮಿತ್ರವ್ವನ ಎದುರು ಕೂತು ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಅಂದಿನಿಂದ ಪರದೆಯ ಹಿಂದೆ ಮೊದಲು ಮಾತು ತೆಗೆಯುವವಳು ಅವಳೇ. ಮುಟ್ಟು ನಿಂತ ಮೇಲೆ ಮತ್ತೆ ಕಂಡಿತೇ? ಗಂಡನ ಜೊತೆ ಕೂಡಿದ ಮೇಲೆ ರಕ್ತ ಹೋಗುತ್ತದೆಯೇ? ಬಿಳಿಸೆರಗು ನಾರುತ್ತದೆಯೇ? ಇದ್ಯಾವುದೂ ಇಲ್ಲವೆಂದರೂ ಬಿಡುವುದಿಲ್ಲ. “ಮೂವತ್ತು ದಾಟೇತಿಲ್ಲ? ಹೋಗಿ ತೋರಿಸ್ಕೋ. ಐದು ಮಿನಿಟಿನ ಕೆಲಸವ್ವ. ಹೆಣ್ಣ ನರ್ಸ ಇರ್ತಾಳ, ಔಷಧ ಹಚ್ಚಿ ನೋಡ್ತಾಳ, ಅಷ್ಟ.” ಕೆಲವರು ಮೂಗು ಮುರಿದು ಬೇರೆ ಕಡೆ ಹೊಲಿಸತೊಡಗಿದರು. ನಲವತ್ತು ಮಂದಿ ಅವಳ ಜೊತೆ ಆಸ್ಪತ್ರೆಗೆ ಹೋಗಿಬಂದರು.

ಜಪ್ಪಯ್ಯ ಅಂದರೂ ಒಪ್ಪದವಳೆಂದರೆ ವಿಮಲಾಬಾಯಿಯ ಮಗಳು ಪದ್ಮಜಾ. ನೀಲಗಂಗವ್ವನನ್ನು ಚಿಕ್ಕಮ್ಮನ ಹಾಗೆ ಮೌಶಿ ಎಂದೇ ಕರೆದು ಬೆಳೆದವಳು; ಲಕ್ಷ್ಮೇಶ್ವರಕ್ಕೆ ಕೊಟ್ಟ ಹುಡುಗಿ, ಈಗ ಮೂವತ್ತೆಂಟರ ಹೆಂಗಸು. ಊರೆಲ್ಲ ತೋರಿಸಿಕೊಂಡು ಗೆಳತಿಯ ಮಗಳೊಬ್ಬಳೇ ಹಿಂದುಳಿದರೆ ತನ್ನದೆಲ್ಲ ನೀರಲ್ಲಿ ಹೋಮ ಎಂದು ನೀಲಗಂಗವ್ವನಿಗೆ ಅನಿಸುತ್ತಿತ್ತು.

ಕಳೆದ ಶ್ರಾವಣದಲ್ಲಿ ತವರಿಗೆ ಬಂದ ಪದ್ಮಜಾ ಅಳತೆ ಕೊಡಲು ನಿಂತಳು. ಮರುದಿನ ಊರ ಆಸ್ಪತ್ರೆಯಲ್ಲಿ ಹೆಂಗಸರ ತಪಾಸಣೆ ಇತ್ತು. ನೀಲಗಂಗವ್ವ ಮಾತು ತೆಗೆದದ್ದೇ ತಡ, ಅವಳು ಕೈ ಇಳಿಸಿಬಿಟ್ಟಳು.

“ಬ್ಯಾಡ ಮೌಶಿ. ಅವ್ವಗ ಆದದ್ದು ನನಗೂ ಆಗ್ಯದ ಅಂತ ಕೇಳ್ಕೊಂಡು ಬರಲಿಕ್ಕೆ ಹೋಗಲ್ಯಾ?”

“ಅವ್ವಗ ಬಂತಂತ ಮಗಳಿಗೆ ಬರೋ ಜಡ್ಡ ಅಲ್ಲಂತ ಇದು. ಒಂದು ವೈರಸ್ಸಂತ, ಲಗ್ನಾದ ಯಾರಿಗರ ಅಂಟಬಹುದಂತ. ವರ್ಷಗಟ್ಲೆ ಸುಮ್ಮನ ಕುಂತಿರತೈತಿ. ಅಷ್ಟರಾಗ ಕಂಡ್ರ ಬೇರ ಸಮೇತ ತಗದ ಒಗೀತಾರ.”

“ನೀವು ತೋರಿಸ್ಕೊಂಡೀರೇನು?”

ನೀಲಗಂಗವ್ವನ ಗಂಡ ತೀರಿಕೊಂಡು ಹನ್ನೆರಡು ವರ್ಷ. ಗಂಡನಿಲ್ಲದವಳಿಗೆ ಅದೆಲ್ಲ ಯಾಕೆ, ನೋಡಿದವರು ಏನೆಂದುಕೊಂಡಾರು ಎಂದು ಅವಳು ಒಳಗೆ ಕಾಲಿಟ್ಟಿರಲೇ ಇಲ್ಲ. ನಲವತ್ತು ಮಂದಿಯನ್ನು ಒಳಗೆ ಕಳಿಸಿ, ಹೊರಗಿನ ಬೆಂಚಿನ ಮೇಲೆ ಕೂತು ಬಂದಿದ್ದಳು.

“ಇಲ್ಲವಾ.”

“ನೋಡ್ರಿ ಮತ್ತ! ಹೇಳೋದು ಆಚಾರ, ತಿನ್ನೋದು ಬದ್ನಿಕಾಯಿ.”

ನೀಲಗಂಗವ್ವ ಟೇಪು ಮಡಚಿಟ್ಟಳು. ಅಷ್ಟು ವರ್ಷ ಯಾರೆದುರೂ ಆಡದ ಮಾತು ತಾನಾಗಿ ಬಾಯಿಗೆ ಬಂತು. “ಪದ್ಮಾ, ನಿಮ್ಮವ್ವ ಮೊದಲ ನನ್ನ ಮುಂದನ ಹೇಳಿದ್ರವಾ. ಇದ ಜಾಗಾದಾಗ ನಿಂತು. ನಾ ಹರೇ ಬಂತಂತ ಹಾಸ್ಯಾ ಮಾಡಿ ನಕ್ಕಬಿಟ್ನಿ. ಅವತ್ತ ಕರ್ಕೊಂಡು ಹೋಗಿದ್ರ ಅವರು ಇರ್ತಿದ್ರೋ ಏನೋ.”

ಪದ್ಮಜಾ ದಿಟ್ಟಿಸಿ ನೋಡಿದಳು. ಸೆರಗು ಸರಿಮಾಡಿಕೊಂಡು, ತಂದ ಬಟ್ಟೆಯನ್ನೂ ಅಲ್ಲೇ ಬಿಟ್ಟು ಹೊರಟುಹೋದಳು. ಗೆಳತಿಯ ಜೊತೆಗೆ ಗೆಳತಿಯ ಮಗಳನ್ನೂ ಕಳೆದುಕೊಂಡೆ ಎಂದು ನೀಲಗಂಗವ್ವ ಆ ಹಗಲೆಲ್ಲ ಅತ್ತಳು.

ಮರುದಿನ ಬೆಳಿಗ್ಗೆ ಒಬ್ಬಳೇ ಆಸ್ಪತ್ರೆಗೆ ಹೋದಳು. ಈ ಸಲ ಬೆಂಚಿನ ಮೇಲೆ ಕೂಡಲಿಲ್ಲ, ಪಾಳಿಯಲ್ಲಿ ನಿಂತಳು. ಅವಳ ಹೆಸರು ಕೂಗಿದಾಗ ಹಿಂದಿನಿಂದ ಯಾರೋ ಬೆನ್ನಿಗೆ ಕೈ ಹಚ್ಚಿದರು.

“ಮುಂದ ನಡೀರಿ ಮೌಶಿ,” ಎಂದಳು ಪದ್ಮಜಾ. “ನಿಮ್ಮ ಹಿಂದ ನಂದೇ ಪಾಳಿ ಅದ.”

ನೀಲಗಂಗವ್ವನಿಗೆ ಏನೂ ಇರಲಿಲ್ಲ. ಪದ್ಮಜಾಳಿಗೆ ಔಷಧ ಹಚ್ಚಿದ ಜಾಗದಲ್ಲಿ ಬಿಳಿ ಮಚ್ಚೆ ಎದ್ದಿತು. ಗದಗಿಗೆ ಕಳಿಸಿದರು, ಚೂರು ತೆಗೆದು ಪರೀಕ್ಷೆಗೆ ಕೊಟ್ಟರು. ವರದಿ ಬರುವ ತನಕ ನೀಲಗಂಗವ್ವ ಮಷಿನ್ನು ತುಳಿಯಲಿಲ್ಲ. ಇನ್ನೂ ಕ್ಯಾನ್ಸರ್ ಆಗಿಲ್ಲ, ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು ಎಂದರು ಡಾಕ್ಟರು. ಆ ಭಾಗವನ್ನಷ್ಟೇ ತೆಗೆದು ಅಂದೇ ಸಂಜೆ ಮನೆಗೆ ಕಳಿಸಿದರು; ಹೇಳಿದಾಗಲೆಲ್ಲ ಬಂದು ತೋರಿಸಿಕೊಳ್ಳಬೇಕು, ತಪ್ಪಿಸಬಾರದು ಎಂದರು.

ದೀಪಾವಳಿಗೆ ಬಂದ ಪದ್ಮಜಾ ಚೀಲದಿಂದ ಹಸಿರು ಖಣದ ಕುಪ್ಪಸ ತೆಗೆದು ಮಷಿನ್ನಿನ ಮೇಲಿಟ್ಟಳು. “ಅವ್ವಂದು. ನನಗ ಬಿಗಿ ಆಗ್ತದ. ಹೊಲಿಗಿ ಬಿಚ್ಚಿ ಕೊಡ್ರಿ.”

ನೀಲಗಂಗವ್ವ ಮೂಗಿನ ಮೇಲೆ ಚಾಳೀಸು ಏರಿಸಿ, ಬ್ಲೇಡು ಹಿಡಿದು ಕೂತಳು. ಸಂಕ್ರಾಂತಿಯ ಹೊಲಿಗೆ ಬಿಚ್ಚಿದಳು, ದಸರೆಯದನ್ನು ಬಿಚ್ಚಿದಳು, ಶ್ರಾವಣದ್ದನ್ನು ಬಿಚ್ಚಿದಳು. ಒಳಗೆ ಮಡಚಿದ್ದ ಖಣದ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಪದ್ಮಜಾ ಅದನ್ನು ತೊಟ್ಟು ಪರದೆಯ ಹಿಂದೆ ಕೈ ಎತ್ತಿ ನಿಂತಳು. ತಾಯಿಯ ಅಳತೆ ಮಗಳಿಗೆ ಸರಿಯಾಗಿ ಕೂತಿತ್ತು.

“ಅವತ್ತ ನೀವು ಹಾಸ್ಯಾ ಮಾಡಿದಾಗ,” ಎಂದು ಕೇಳಿದಳು ಪದ್ಮಜಾ, “ಅವ್ವನೂ ನಕ್ಕಿದ್ಲೇನು?”

“ನಕ್ಕಿದ್ರವಾ.”

“ಭಾಳ?”

“ಭಾಳ ನಕ್ಕಿದ್ರು,” ಎಂದಳು ನೀಲಗಂಗವ್ವ, ಮತ್ತು ಅಲ್ಲಿಯೇ ಕುಸಿದು ಕೂತು, ಆ ಹುಡುಗಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.